ನೀರಜ್ಜಿಯ ಕಾಲು

ಹುಳಿ ಬಂದ ಗಂಜಿಯ ವಾಸನೆ ಮೂಗಿಗೆ ತಾಗಿದರೆ ಮುತ್ತಮ್ಮಾಳಿನ ಕೈ ತಾನಾಗಿ ನೆತ್ತಿಗೆ ಹೋಗುತ್ತಿತ್ತು. ಅವಳು ಚಿಕ್ಕವಳಾಗಿದ್ದಾಗ ನೇಕಾರರ ಬೀದಿಯಲ್ಲಿ ಕೋಳಿಗಿಂತ ಮೊದಲು ಏಳುತ್ತಿದ್ದುದು ಆ ವಾಸನೆ. ಬೀದಿಯ ಈ ತುದಿಯಿಂದ ಆ ತುದಿಗೆ ಮಗ್ಗಕ್ಕೇರಿಸುವ ಹಾಸಿನ ನೂಲನ್ನು ಎಳೆದು ಕಟ್ಟಿ, ಹಿಂದಿನ ದಿನದ ಗಂಜಿಗೆ ಕೊಂಚ ಕೊಬ್ಬರಿ ಎಣ್ಣೆ ಬೆರೆಸಿ, ಗಂಡಸರು ಇಬ್ಬಿಬ್ಬರಾಗಿ ಕುಂಚ ಎಳೆಯುತ್ತಾ ನಡೆಯುತ್ತಿದ್ದರು. ಅನ್ನದ ವಾಸನೆ, ಎಣ್ಣೆಯ ವಾಸನೆ, ನಡುವೆ ಸ್ವಲ್ಪ ಕೆಟ್ಟುಹೋದ ವಾಸನೆ. ಒಟ್ಟಿನಲ್ಲಿ ಹಸಿವಾಗುವಂಥ ವಾಸನೆ. ಒಂದು ದಿನ ತಡೆಯಲಾರದೆ ಅವಳು ಬಗ್ಗಿ ಹಾಸನ್ನೇ ನೆಕ್ಕಿದ್ದಳು. ತಾತ ನೆತ್ತಿಯ ಮೇಲೆ ಕುಟ್ಟಿದ ಪೆಟ್ಟು ಇಷ್ಟು ವರ್ಷವಾದರೂ ನೆತ್ತಿಗೆ ನೆನಪಿತ್ತು. ಆಮೇಲೆ ಅದೇ ತಾತ ಯಾರಿಗೂ ಕಾಣದಂತೆ ಒಂದು ಉಂಡೆ ಬೆಲ್ಲ ತಂದು ಕೈಗಿಟ್ಟಿದ್ದ. ಅದು ಅವಳ ನಾಲಿಗೆಗೆ ನೆನಪಿತ್ತು.

ಈಗ ತಿರುಪ್ಪೂರಿನ ಹತ್ತಿರದ ಕರುಮತ್ತಂಪಟ್ಟಿಯಲ್ಲಿ ಆ ವಾಸನೆ ಇರಲಿಲ್ಲ. ಕೈಮಗ್ಗಗಳು ಹೋಗಿ ಪವರ್‌ಲೂಮ್ ಬಂದಿದ್ದವು. ಗಂಜಿ ಹಾಕಿದ ಹಾಸು ದೊಡ್ಡ ದೊಡ್ಡ ಉರುಳೆಗಳಾಗಿ ಲಾರಿಯಲ್ಲಿ ಬಂದು ಇಳಿಯುತ್ತಿತ್ತು. ಮುತ್ತಮ್ಮಾಳ್ ಮಾತ್ರ ವರ್ಷಕ್ಕೊಮ್ಮೆ, ಮಳೆಗಾಲದ ಆಡಿ ತಿಂಗಳು ಹುಟ್ಟಿದ ಮೇಲೆ, ಹಳೆಯ ಮಡಕೆಯೊಂದರಲ್ಲಿ ಗಂಜಿಯನ್ನು ಹುಳಿಯಲು ಬಿಡುತ್ತಿದ್ದಳು. ಅರ್ಧ ಗಂಜಿಗೆ ಸುಣ್ಣ, ಅರ್ಧಕ್ಕೆ ಕೆಮ್ಮಣ್ಣು ಕಲಸಿದರೆ ನೀರಜ್ಜಿಯನ್ನು ಬರೆಯುವ ಬಿಳಿ ಮತ್ತು ಕೆಂಪು ಸಿದ್ಧವಾಗುತ್ತಿತ್ತು.

ನೀರಜ್ಜಿ ಮುತ್ತಮ್ಮಾಳಿನ ಗಂಡನ ವಂಶದ ಮೊದಲ ಹೆಂಗಸು. ಅವರೆಲ್ಲ ಬಡಗಲ ಕನ್ನಡ ಸೀಮೆಯಿಂದ ಮಗ್ಗ ಹೊತ್ತು ಈ ಕಡೆಗೆ ಬಂದಾಗ, ದಾರಿಯಲ್ಲಿ ಸಿಕ್ಕಿದ ಒಂದೊಂದು ಹೊಳೆಯಲ್ಲೂ ಅವಳು ನಡುನೀರಿನಲ್ಲಿ ನಿಂತು ಮಕ್ಕಳನ್ನೆಲ್ಲ ಕೈಹಿಡಿದು ದಾಟಿಸಿ, ಕಡೆಗೆ ತಾನು ದಾಟಿದಳಂತೆ. ಆದ್ದರಿಂದ ಅವಳ ಕಾಲು ಎಂದೂ ನೀರಿನಲ್ಲಿರಬೇಕು. ಕಾಲು ಒಣಗಿದರೆ ಅವಳಿಗೆ ಮಾತ್ರವಲ್ಲ, ಅವಳ ಹಿಂದೆ ಹೋದ ಎಲ್ಲ ಹಿರಿಯರಿಗೂ ಬಾಯಾರಿಕೆ. ಅವಳ ಮುಖ ಮನೆಯ ಹಿತ್ತಲ ಬಾವಿಯ ಒಳಗೋಡೆಯ ಮೇಲೆ, ಕಟ್ಟೆಯಿಂದ ಒಂದು ಮೊಳ ಕೆಳಗೆ ಇತ್ತು. ಅಗಲವಾದ ಬಿಳಿ ಮುಖ, ಕೆಂಪು ಸೀರೆ, ಎರಡೂ ಕಡೆಗೆ ಚಾಚಿದ ಕೈ. ಪ್ರತಿ ವರ್ಷ ಆಡಿ ಹದಿನೆಂಟರ ದಿನ, ಊರೆಲ್ಲ ಹೊಳೆಪೂಜೆಗೆ ಹೋಗುವಾಗ, ಆ ಮನೆಯ ಹಿರಿಸೊಸೆ ಬಾವಿಗೆ ಇಳಿದು, ನೀರು ಎಲ್ಲಿದೆಯೋ ಅಲ್ಲಿಗೆ ಅಜ್ಜಿಯ ಪಾದ ತಾಗುವಂತೆ ಬರೆಯಬೇಕು.

ಮುತ್ತಮ್ಮಾಳ್ ಸೊಸೆಯಾಗಿ ಬಂದಾಗ ಅಜ್ಜಿ ಗಿಡ್ಡವಾಗಿದ್ದಳು. ನೀರು ಕೈಗೆಟಕುವಷ್ಟು ಮೇಲಿತ್ತು, ಅವಳು ಕುಕ್ಕರಗಾಲಿನಲ್ಲಿ ಕೂತು ಪಾತ್ರೆ ತೊಳೆಯುವವಳಂತೆ ಕಾಣುತ್ತಿದ್ದಳು. ಆಮೇಲೆ ನೀರು ಇಳಿಯಿತು, ಕಾಲು ಬೆಳೆಯಿತು. ಹಳೆಯ ಪಾದವನ್ನು ಸುಣ್ಣ ಬಳಿದು ಮುಚ್ಚಿ ಕೆಳಗೆ ಹೊಸ ಪಾದ ಬರೆಯುತ್ತಿದ್ದರು. ಕಾಲುಗೆಜ್ಜೆಯನ್ನು ಅಳಿಸಲು ಮಾತ್ರ ಯಾರಿಗೂ ಮನಸ್ಸು ಬರಲಿಲ್ಲ. ಹಾಗಾಗಿ ಅಜ್ಜಿಯ ಕಾಲಿನುದ್ದಕ್ಕೂ ಗೆಜ್ಜೆಯ ಕೆಳಗೆ ಗೆಜ್ಜೆ, ಅದರ ಕೆಳಗೆ ಗೆಜ್ಜೆ. ಮುತ್ತಮ್ಮಾಳ್ ಬಾವಿಕಟ್ಟೆಗೆ ಒರಗಿ ನಿಂತರೆ, ಇದು ಮಗ ಹುಟ್ಟಿದ ವರ್ಷದ ಗೆಜ್ಜೆ, ಇದು ಗಂಡ ತೀರಿಹೋದ ವರ್ಷದ್ದು ಎಂದು ಓದುತ್ತಿದ್ದಳು. ಒಳ್ಳೆಯ ಮಳೆಯಾದ ಕೆಲವು ವರ್ಷ ಅಜ್ಜಿ ಸೊಂಟದವರೆಗೂ ಮುಳುಗಿದ್ದುಂಟು. ಆಗ ಬರೆಯುವ ಕೆಲಸವೇ ಇಲ್ಲ, ಎರಡು ಹೂವು ಹಾಕಿ ಬಂದರೆ ಸಾಕಾಗಿತ್ತು. ಒಂದು ಬರಗಾಲದಲ್ಲಿ ಕಾಲು ತೀರಾ ಉದ್ದವಾಗಿ ಕೊಕ್ಕರೆಯಂತೆ ಕಂಡಾಗ, ಇಷ್ಟುದ್ದದ ಕಾಲನ್ನು ಮಡಚದೆ ಪಾಪದ ಮುದುಕಿ ಹೇಗೆ ಕೂತಾಳು ಎಂದು ಕನಿಕರವಾಗಿ ಮುತ್ತಮ್ಮಾಳ್ ಇನ್ನೊಂದು ಜೊತೆ ಮಂಡಿ ಸೇರಿಸಿದಳು. ಆಗಿನಿಂದ ನೀರಜ್ಜಿಗೆ ನಾಲ್ಕು ಮಂಡಿ.

ಎದುರುಮನೆಯ ಕಾಮಾಕ್ಷಿಯಮ್ಮ, ಮುತ್ತಮ್ಮಾಳಿನ ಮೈದುನನ ಹೆಂಡತಿ, ಅಂದಿನಿಂದ ಈ ಮಂಡಿಗಳ ಮಾತು ಬಿಟ್ಟಿರಲಿಲ್ಲ. "ಅಕ್ಕಾ, ನಿನಗೆ ಎರಡು ಮಂಡಿ ಇದ್ದೇ ಮೆಟ್ಟಲು ಹತ್ತಕ್ಕಾಗಲ್ಲೆ. ಅವಳಿಗೆ ನಾಲ್ಕು ಕೊಟ್ಟಿದೀಯ. ನಾಲ್ಕರ ನೋವು ಯಾರು ತಡೀತಾರೆ?" ಎಂದು ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದಳು.

ಎಂಬತ್ತಮೂರನೆಯ ಇಸವಿಯ ಬೇಸಿಗೆ ಆಡಿ ತಿಂಗಳು ಬಂದರೂ ಹೋಗಲಿಲ್ಲ. ಹಿಂದಿನ ವರ್ಷ ಮಳೆ ತಪ್ಪಿತ್ತು, ಈ ವರ್ಷ ಮೋಡಗಳು ಬಂದು ಪಾಲಕ್ಕಾಡಿನ ಕಡೆಯಿಂದ ಇಣುಕಿ ನೋಡಿ ಹೋದವು. ನೊಯ್ಯಲ್ ಹೊಳೆಯಲ್ಲಿ ಮರಳು ಬಿಟ್ಟರೆ ಮೇಕೆ, ಮೇಕೆ ಬಿಟ್ಟರೆ ಮರಳು. ತಿರುಪ್ಪೂರಿನ ಕೆಳಗೆ ಹೊಳೆ ಇನ್ನೂ ಹರಿಯುತ್ತಿದೆ, ಆದರೆ ಕಾರ್ಖಾನೆಗಳ ಬಣ್ಣ ಸೇರಿ ದಿನಕ್ಕೊಂದು ಬನಿಯನ್ನಿನ ಬಣ್ಣದಲ್ಲಿ ಹರಿಯುತ್ತಿದೆ ಎಂದು ಬಸ್ಸಿನಲ್ಲಿ ಬಂದವರು ಹೇಳುತ್ತಿದ್ದರು.

ಅದೇ ಸಮಯದಲ್ಲಿ ಮುತ್ತಮ್ಮಾಳಿನ ಮಗ ದಂಡಪಾಣಿ ಸೋಮನೂರಿನಿಂದ ಎರಡು ಹಳೆಯ ಪವರ್‌ಲೂಮ್ ತಂದು ಬೀದಿಯಲ್ಲಿ ಇಳಿಸಿದ. ಆಗಲೇ ಮಗ್ಗಗಳು ತುಂಬಿದ್ದ ಮನೆಯ ಶೆಡ್ಡಿನಲ್ಲಿ ಜಾಗವಿರಲಿಲ್ಲ. ಅವು ತಾಡಪಾಲು ಹೊದ್ದುಕೊಂಡು ಬಾಗಿಲಲ್ಲೇ ಕೂತವು, ಬೀದಿಯ ಮೇಕೆಗಳು ಅವುಗಳ ಮೇಲೆ ಹತ್ತಿ ಮಲಗಿದವು. ಶೆಡ್ ದೊಡ್ಡದು ಮಾಡಬೇಕೆಂದರೆ ಹಿತ್ತಿಲಿಗೆ ಚಾಚಬೇಕು. ಹಿತ್ತಿಲಿನಲ್ಲಿ ಒಂದು ಕಡೆ ದನದ ಕೊಟ್ಟಿಗೆ, ಇನ್ನೊಂದು ಕಡೆ ಬಾವಿ.

"ಅಮ್ಮಾ, ಆ ಬಾವೀಲಿ ಏನೈತೆ? ಒಂದು ಕೊಡ ಸೇದಕ್ಕೆ ಅರ್ಧ ದಿನ ಬೇಕು. ಮಣ್ಣು ತುಂಬಿಬಿಟ್ಟು ಶೆಡ್ ಹಾಕಿದ್ರೆ ತರಿ ಎರಡೂ ಒಳಗೆ ಬರ್ತವೆ," ಎಂದ ದಂಡಪಾಣಿ. ಮಗ್ಗಕ್ಕೆ ಅವರು ತರಿ ಎಂದೇ ಅನ್ನುತ್ತಿದ್ದರು.

"ಅಜ್ಜಿ ಎಲ್ಲಿಗೋಗ್ತಾಳೆ?"

"ಶೆಡ್ ಗೋಡೆ ಮೇಲೆ ಬರ್ಕೊ. ಗೋಡೆ ಪೂರ್ತಿ ನಿಂದೆ. ಒಳ್ಳೆ ಪೈಂಟ್ ನಾನೇ ತಂದುಕೊಡ್ತೀನಿ."

"ಗೋಡೇಲಿ ನೀರು ಎಲ್ಲೈತೆ, ಕಾಲಿಡಕ್ಕೆ?"

ದಂಡಪಾಣಿಗೆ ತಾಯಿಗೆ ಇಲ್ಲ ಎಂದು ಹೇಳಿ ಗೊತ್ತಿರಲಿಲ್ಲ. ಇಲ್ಲ ಎನ್ನಬೇಕಾದಾಗ ಅವನು ಪಂಥ ಕಟ್ಟುತ್ತಿದ್ದ. ಹೇಗಿದ್ದರೂ ಆಡಿಯಲ್ಲಿ ಯಾರೂ ಹೊಸ ಕೆಲಸ ತೊಡಗುವುದಿಲ್ಲ, ಮುಂದಿನ ತಿಂಗಳು ಆವಣಿ ಹುಟ್ಟುವವರೆಗೆ ಮೇಸ್ತ್ರಿ ಬರುವುದಿಲ್ಲ. "ಸರಿ, ಆಡಿ ಹದಿನೆಂಟಕ್ಕೆ ಅವಳ ಕಾಲು ನೀರಿಗೆ ಮುಟ್ಟಿಸಿಬಿಡು. ಮುಟ್ಟಿದ್ರೆ ನಾನು ಬಾವಿ ತಂಟೆಗೆ ಬರಲ್ಲ. ಮುಟ್ಟಲಿಲ್ಲೆ ಅಂದ್ರೆ ಆವಣೀಲಿ ಮಣ್ಣು," ಎಂದ. ನೀರು ಎಷ್ಟು ಕೆಳಗಿದೆಯೆಂದು ಅವನು ಮುಂಚೆಯೇ ಕಲ್ಲು ಹಾಕಿ ಕಿವಿಗೊಟ್ಟು ಕೇಳಿದ್ದ.

ಈಗಿನ ಹಿರಿಸೊಸೆ ದಂಡಪಾಣಿಯ ಹೆಂಡತಿ ಕಲಾ. ನ್ಯಾಯವಾಗಿ ಬಾವಿಗೆ ಇಳಿಯಬೇಕಾದವಳು ಅವಳೇ. ಆದರೆ ಅವಳು ತುಂಬು ಗರ್ಭಿಣಿ. ಗರ್ಭಿಣಿಯಾದವಳು ಬಾವಿಯೊಳಗೆ ಬಗ್ಗಿ ನೋಡಬಾರದು ಎಂದು ಆ ಮನೆಯ ಕಟ್ಟಳೆ. ಹಾಗಾಗಿ ಕಲಾ ಆ ಇಡೀ ಕೆಲಸದಲ್ಲಿ ಬಾವಿಗೆ ಬೆನ್ನು ಹಾಕಿ ನಿಂತೇ ಭಾಗವಹಿಸಿದಳು. ಬಣ್ಣ ಕೊಡುವುದು, ಕುಂಚ ತೆಗೆದುಕೊಳ್ಳುವುದು, ಅತ್ತೆಯ ಜೊತೆ ಮಾತಾಡುವುದು, ಎಲ್ಲವೂ ಬೆನ್ನ ಹಿಂದೆ ಕೈ ಚಾಚಿ.

ಮುತ್ತಮ್ಮಾಳ್ ಹಬ್ಬಕ್ಕೆ ಇನ್ನೂ ವಾರವಿರುವಾಗಲೇ ಕೆಲಸ ಶುರು ಮಾಡಿದಳು. ಬಾವಿ ತೋಡುವ ಅಂಗಪ್ಪನ್ ತನ್ನ ಹಗ್ಗ, ರಾಟೆ, ಕೂರುವ ಹಲಗೆ ಮತ್ತು ಕಾಂಗೇಯ ತಳಿಯ ಒಂದು ಬಿಳಿ ಎತ್ತಿನೊಡನೆ ಬಂದ. ಎತ್ತು ಹಿತ್ತಿಲಿನಲ್ಲಿ ಹಿಂದೆ ಮುಂದೆ ನಡೆದರೆ ಹಲಗೆ ಕೆಳಗೆ ಮೇಲೆ ಹೋಗುತ್ತಿತ್ತು. ಅಂಗಪ್ಪನ್ನಿನ ಮಾತು ತಮಿಳು. ಈ ಬೀದಿಯಲ್ಲಿ ಕೆಲಸ ಮಾಡಿ ಮಾಡಿ ಅದರಲ್ಲಿ ಅರ್ಧ ಕನ್ನಡ ಸೇರಿಹೋಗಿತ್ತು. ಮುತ್ತಮ್ಮಾಳನ್ನು ಅವನು ತಾಯಿಯೆಂಬಂತೆ ಆತ್ತಾ ಎಂದು ಕರೆಯುತ್ತಿದ್ದ, ಮಾತಿನ ಕೊನೆಗೆಲ್ಲ ಮರ್ಯಾದೆಯ ಈಂಗ ಸೇರಿಸುತ್ತಿದ್ದ.

"ಆತ್ತಾ, ಮೊಳಕಾಲು ಸರಿಯಿಲ್ಲೀಂಗ ನಿಮಗೆ. ಯಾತಕ್ಕೆ ಈ ವೇಲೆ?" ಎಂದ.

"ಕೂತುಕೊಂಡೇ ಹೋಗ್ತೀನಲ್ಲ ಸಾಮಿ. ಮೊಳಕಾಲಿಗೆ ಏನು ಕೆಲಸ?" ಎಂದು ಅವಳು ಸೀರೆಯನ್ನು ಕಚ್ಚೆ ಕಟ್ಟಿ, ಎಲೆಯಡಿಕೆ ಸೊಂಟಕ್ಕೆ ಸಿಕ್ಕಿಸಿ, ಹಲಗೆಯ ಮೇಲೆ ಕೂತಳು.

ಮೊದಲ ದಿನ ಅವಳು ನೀರಿನವರೆಗೂ ಹೋಗಿ, ಬಾವಿಯ ತಳದ ಬಂಡೆಯ ಮೇಲೆ ಎರಡು ಚೆಂದದ ಪಾದ ಬರೆದು ಮೇಲೆ ಬಂದಳು. ಮರುದಿನ ಬೆಳಿಗ್ಗೆ ಬಗ್ಗಿ ನೋಡಿದರೆ ಪಾದದ ಕೆಳಗೆ ಒಂದು ಮೊಳ ಒಣಬಂಡೆ. ಮತ್ತೆ ಇಳಿದಳು, ಮತ್ತೆ ಬರೆದಳು. ಅದರ ಮರುದಿನ ಮತ್ತೆ ಒಂದು ಮೊಳ. ಅಜ್ಜಿ ನೀರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಳು, ನೀರು ಅವಳಿಗಿಂತ ಬೇಗ ಓಡುತ್ತಿತ್ತು.

ಬೀದಿಯವರಿಗೆಲ್ಲ ಸುದ್ದಿ ಮುಟ್ಟಿತು. ಮಗ್ಗ ಬಿಟ್ಟು ಬಂದವರೆಲ್ಲ ಬಾವಿಕಟ್ಟೆಯ ಸುತ್ತ ನಿಂತು ಸಲಹೆ ಕೊಟ್ಟರು. ಪಾದವನ್ನು ಕೆಳಮುಖ ಮಾಡಿ, ತುದಿಗಾಲಲ್ಲಿ ನಿಲ್ಲಿಸಿದರೆ ಒಂದು ಗೇಣು ಉಳಿಯುತ್ತದೆ ಎಂದು ಒಬ್ಬರು. ಕಾಲುಬೆರಳ ಉಗುರು ಕತ್ತರಿಸದೆ ಬಿಟ್ಟಿದ್ದಾಳೆ ಎಂದು ಬರೆದರಾಯಿತು ಎಂದು ಇನ್ನೊಬ್ಬರು. ಅವಳ ಕೈಗೆ ಒಂದು ಹಗ್ಗ ಬಕೆಟ್ಟು ಕೊಡು, ಅವಳೇ ಸೇದಿಕೊಳ್ಳಲಿ ಎಂದು ಕಾಮಾಕ್ಷಿಯಮ್ಮ. ಮುತ್ತಮ್ಮಾಳ್ ಬಾವಿಯ ನೀರನ್ನು ಯಾರೂ ಮುಟ್ಟಕೂಡದೆಂದು ಮಾತ್ರ ಹೇಳಿದಳು. ಮನೆಯವರು ಬೀದಿಯ ನಲ್ಲಿಯ ಸಾಲಿನಲ್ಲಿ ನಿಂತರು. ದಂಡಪಾಣಿಯೂ ಎರಡು ಕೊಡ ಹಿಡಿದು ನಿಂತ. ಪಂಥದಲ್ಲಿ ಮೋಸ ಮಾಡಿದ ಎಂಬ ಮಾತು ಬರಬಾರದಲ್ಲ.

ಆದರೂ ಬೆಳಿಗ್ಗೆ ಬೆಳಿಗ್ಗೆ ಬಾವಿಯ ಕಟ್ಟೆ ಒದ್ದೆಯಾಗಿರುತ್ತಿತ್ತು. ಯಾರೋ ನೀರು ಕದಿಯುತ್ತಿದ್ದರು. ಯಾರೋ ಏನು, ಒದ್ದೆ ಹೆಜ್ಜೆಗಳು ಹಿತ್ತಿಲ ಬಾಗಿಲು ದಾಟಿ ಬೀದಿಯ ಆಚೆಗೇ ಹೋಗಿದ್ದವು. ಮುತ್ತಮ್ಮಾಳಿಗೆ ಸಿಟ್ಟು ನೆತ್ತಿಗೇರಿತು. ಮುಂದಿನ ಬೆಳಗ್ಗೆ ಮಬ್ಬುಗತ್ತಲೆಯಲ್ಲೇ ಎದ್ದು, ಕಲಾಳನ್ನೂ ಎಬ್ಬಿಸಿಕೊಂಡು, ರುಬ್ಬುವ ಕಲ್ಲಿನ ಮರೆಯಲ್ಲಿ ಕೂತಳು. ಕಲಾ ಅಲ್ಲಿಯೂ ಬಾವಿಗೆ ಬೆನ್ನು ಹಾಕಿ ಕೂತಳು.

ಸ್ವಲ್ಪ ಹೊತ್ತಿಗೆ ಕಾಮಾಕ್ಷಿಯಮ್ಮ ಬಂದಳು. ಸೊಂಟದಲ್ಲಿ ಕೊಡ.

"ಕಾಮಾಕ್ಷಿ, ಅಲ್ಲೇ ನಿಲ್ಲು," ಎಂದಳು ಮುತ್ತಮ್ಮಾಳ್. "ನಮ್ಮಜ್ಜಿ ಕಾಲಿನ ನೀರು ಕದ್ದು ನೀನು ಕಾಪಿ ಕಾಸ್ತೀಯ?"

ಕಾಮಾಕ್ಷಿಯಮ್ಮ ನಿಂತಳು. ಅವಳ ಕೊಡದ ಬಾಯಿಂದ ನೀರು ತುಳುಕಿ ಸೀರೆಯ ಮೇಲೆ ಬಿತ್ತು. ಖಾಲಿ ಕೊಡ ತುಳುಕುವುದಿಲ್ಲವಲ್ಲ ಎಂದು ಮುತ್ತಮ್ಮಾಳಿಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು.

"ತುಂಬಿದ ಕೊಡ ತಂದು ಕದಿಯೋದು ಎಂಗಕ್ಕಾ?" ಎಂದಳು ಕಾಮಾಕ್ಷಿಯಮ್ಮ. ಬೇರೆ ದಾರಿಯಿಲ್ಲದೆ ಕೊಡವನ್ನು ಬಾವಿಯೊಳಗೆ ಸುರಿದಳು. ನೀರು ಬಹಳ ಹೊತ್ತು ಬಿದ್ದು ಕಡೆಗೆ ಸದ್ದು ಮಾಡಿತು. "ನಲ್ಲಿ ನೀರು. ಮೂರು ದಿನದಿಂದ ಹಾಕ್ತಾ ಇದೀನಿ. ಅವಳು ನಿಂಗೆ ಮಾತ್ರ ಅಜ್ಜಿಯಾ? ನಾನೂ ಈ ಮನೇಗೆ ಬಂದೋಳು ತಾನೆ."

"ಎರಡು ಕೊಡ ನೀರಿಗೆ ಬಾವಿ ತುಂಬುತ್ತಾ, ಹುಚ್ಚೀ?"

"ತುಂಬಲ್ಲೆ ಅಂತ ನಂಗೊತ್ತು. ಸುಮ್ಮೆ ಕೂತಿರಕ್ಕಾಗಲ್ಲೆ, ಅದಕ್ಕೆ."

ಮುತ್ತಮ್ಮಾಳ್ ರುಬ್ಬುವ ಕಲ್ಲಿನ ಮರೆಯಿಂದ ಎದ್ದಳು. "ಕಾಪಿ ಕುಡಿದು ಹೋಗು," ಎಂದಳು. ಕಾಮಾಕ್ಷಿಯಮ್ಮ ಕುಡಿದಳು, ಸಕ್ಕರೆ ಕಡಿಮೆಯಾಯಿತೆಂದು ದೂರಿದಳು. ಅಲ್ಲಿಗೆ ಇಬ್ಬರಿಗೂ ಮನಸ್ಸು ಹಗುರಾಯಿತು.

ಬಟ್ಟೆಯ ಉಪಾಯ ಹುಟ್ಟಿದ್ದು ಆ ಕಾಪಿಯ ಮುಂದೆಯೇ. "ಅಕ್ಕಾ, ನಾವೇನು ಬಂಡೆ ಒಡೆಯೋರಾ? ನೇಯೋರು," ಎಂದಳು ಕಾಮಾಕ್ಷಿಯಮ್ಮ. "ಬಟ್ಟೇಲಿ ಕಾಲು ಬರೆದು ಮೇಲಿಂದ ಇಳಿಬಿಡು. ನೀರು ಇಳಿದ್ರೆ ನಾವೂ ಬಟ್ಟೆ ಇಳಿಸೋದು. ಅದು ಎಲ್ಲಿಗೆ ಓಡುತ್ತೆ ನೋಡೋಣ."

ಅದು ನೇಕಾರರಿಗೆ ಮಾತ್ರ ಹೊಳೆಯುವಂಥ ಉಪಾಯ. ಇಡೀ ಬೀದಿ ಒಪ್ಪಿತು. ದಂಡಪಾಣಿಯೇ ತನ್ನ ಮಗ್ಗದಿಂದ ಗಟ್ಟಿಯಾದ ಕೋರಾ ಬಟ್ಟೆ ಇಳಿಸಿ, ತಾನೇ ಅಳೆದು ಹರಿದು ಕೊಟ್ಟ. "ನಿನ್ನ ಪಂಥಕ್ಕೆ ನೀನೇ ಬಟ್ಟೆ ಕೊಡ್ತೀಯಾ?" ಎಂದು ಯಾರೋ ಕೇಳಿದ್ದಕ್ಕೆ, "ಕೆಟ್ಟ ಬಟ್ಟೆ ಹಾಕಿ ಸೋತ್ರೆ ನನ್ನ ತರಿಗೆ ಕೆಟ್ಟ ಹೆಸರು," ಎಂದ. ಎರಡು ಉದ್ದನೆಯ ಪಟ್ಟಿಗಳು, ಬಲಗಾಲು, ಎಡಗಾಲು. ಮುತ್ತಮ್ಮಾಳ್ ಮತ್ತು ಕಾಮಾಕ್ಷಿಯಮ್ಮ ಅಂಗಳದಲ್ಲಿ ಅವನ್ನು ಹಾಸಿ, ಎರಡು ತುದಿಯಿಂದ ಹಿಡಿದು ಬರೆದರು. ಮಂಡಿ ಎಷ್ಟು ಬೇಕು ಎಂಬುದರ ಮೇಲೆ ಒಂದು ಸಣ್ಣ ಜಗಳವಾಯಿತು. ಕಡೆಗೆ ಬಟ್ಟೆ ಹೇಗಿದ್ದರೂ ಎಲ್ಲಿ ಬೇಕಾದರೂ ಮಡಚುತ್ತದೆ ಎಂದು ಕಲಾ ತೀರ್ಪು ಹೇಳಿದಳು. ಅವಳು ಆಗ ಬಾವಿಗೆ ಬೆನ್ನು ಹಾಕಿ ಇವರಿಗೆ ಮುಖ ಮಾಡಿ ನಿಂತಿದ್ದಳು.

ಬಣ್ಣ ನೀರಿನಲ್ಲಿ ಕರಗಬಾರದು, ಬಟ್ಟೆ ಗಾಳಿಗೆ ಸುತ್ತಿಕೊಳ್ಳಬಾರದು. ಅದಕ್ಕೆ ಏನು ಮಾಡಬೇಕೆಂದು ನೇಕಾರರ ಮನೆಯಲ್ಲಿ ಹುಟ್ಟಿದ ಯಾರನ್ನು ಕೇಳಿದರೂ ಒಂದೇ ಉತ್ತರ. ಹುಳಿಗಂಜಿಯನ್ನು ದಪ್ಪಗೆ ಕಾಸಿ, ಕೊಬ್ಬರಿ ಎಣ್ಣೆ ಬೆರೆಸಿ, ಎರಡೂ ಮಗ್ಗುಲಿಗೆ ಮೆತ್ತಿದರು. ಹಳೆಯ ಕಾಲದ ಮುದುಕರು ತಾವಾಗಿ ಬಂದು ಕುಂಚ ಹಿಡಿದರು. ಇಡೀ ಬೀದಿ ಆ ವಾಸನೆಯಿಂದ ತುಂಬಿತು. ಕಾಲುಗಳು ಹಪ್ಪಳದಂತೆ ಬಿಗಿಯಾಗಿ ನಿಂತವು. ಒಣಗಲಿ ಎಂದು ಅವನ್ನು ಬೇವಿನ ಮರದ ಕೊಂಬೆಗೆ ತೂಗುಹಾಕಿ, ಹಬ್ಬದ ಹಿಂದಿನ ದಿನ ಮಧ್ಯಾಹ್ನ ಎಲ್ಲರೂ ನೆಮ್ಮದಿಯಾಗಿ ಊಟಕ್ಕೆ ಹೋದರು.

ಅದೇ ಬೇವಿನ ಮರಕ್ಕೆ ಅಂಗಪ್ಪನ್ ತನ್ನ ಎತ್ತನ್ನು ಕಟ್ಟಿದ್ದ.

ಅವರು ಬಂದು ನೋಡುವಾಗ ಎಡಗಾಲು ಮೇಲಿನ ಮಂಡಿಯವರೆಗೆ ಹೋಗಿತ್ತು. ಬಲಗಾಲಿನ ಪಾದವೂ ಬೆರಳುಗಳೂ ಇರಲಿಲ್ಲ. ಎತ್ತು ಕಣ್ಣು ಅರ್ಧ ಮುಚ್ಚಿ ನಿಧಾನವಾಗಿ ಮೆಲುಕು ಹಾಕುತ್ತಿತ್ತು. ಬಾಯ ಸುತ್ತ ಸುಣ್ಣ, ಗದ್ದದ ಮೇಲೆ ಕೆಮ್ಮಣ್ಣು.

ಅಂಗಪ್ಪನ್ ಓಡಿ ಹೋಗಿ ಎತ್ತನ್ನು ಬಟ್ಟೆಯಿಂದ ದೂರ ಎಳೆದು ನಿಲ್ಲಿಸಿದ.

"ಗಂಜಿ ವಾಸನೆ ಬಂದ್ರೆ ಅದು ಏನು ಮಾಡುತ್ತೇಂಗಾತ್ತಾ," ಎಂದ ಅಂಗಪ್ಪನ್, ತಲೆ ತಗ್ಗಿಸಿ. "ಬರಗಾಲ. ಒಣಹುಲ್ಲು ತಿಂದು ತಿಂದು ಅದಕ್ಕೂ ನಾಲಿಗೆ ಸತ್ತಿತ್ತು."

ಮುತ್ತಮ್ಮಾಳ್ ಎತ್ತಿನ ಹತ್ತಿರ ಹೋಗಿ ಅದರ ಹೊಟ್ಟೆ ಮುಟ್ಟಿ ನೋಡಿದಳು. "ಸುಣ್ಣ ಹೋಗಿದೆ ಒಳಗೆ. ಉರಿಯುತ್ತಾ ಏನೋ, ಪಾವಂ. ಕಲಾ, ಮನೇಲಿರೋ ಮಜ್ಜಿಗೆ ಎಲ್ಲಾ ತಗೊಂಡು ಬಾ." ಮಜ್ಜಿಗೆ ಕುಡಿಸಿದ ಮೇಲೆಯೇ ಅವಳು ಕಾಲುಗಳ ಕಡೆ ತಿರುಗಿದ್ದು. ಮತ್ತೆ ಬರೆಯೋಣವೆಂದರೆ ಹುಳಿಗಂಜಿ ಮುಗಿದಿತ್ತು. ಇನ್ನೊಂದು ಮಡಕೆ ಹುಳಿಯಲು ಎರಡು ದಿನ ಬೇಕು. ಹಬ್ಬ ನಾಳೆ. ಮಡಕೆಯ ತಳದಲ್ಲಿ ಉಳಿದಿದ್ದ ಬಣ್ಣ ಹೆಚ್ಚೆಂದರೆ ಎರಡು ಪಾದಕ್ಕೆ ಸಾಕು. ಅದನ್ನು ಬಂಡೆಯ ಮೇಲೆ, ನೀರಿನ ಅಂಚಿಗೇ ಹೋಗಿ ಬರೆಯಬೇಕು.

ಆಡಿ ಹದಿನೆಂಟರ ಬೆಳಿಗ್ಗೆ ಬೀದಿಯ ಹೆಂಗಸರು ಹೊಳೆಗೆ ಹೋಗಿ, ನಲ್ಲಿಯಿಂದ ಹಿಡಿದುಕೊಂಡು ಹೋಗಿದ್ದ ನೀರನ್ನು ಮರಳಿನ ಮೇಲೆ ಚಿಮುಕಿಸಿ, ಆ ಒದ್ದೆಗೇ ಪೂಜೆ ಮಾಡಿ ಬಂದರು. ಮುತ್ತಮ್ಮಾಳ್ ಬಾವಿಯೊಳಗೆ ಬಗ್ಗಿ ನೋಡಿದಳು. ಎಲ್ಲಕ್ಕಿಂತ ಕೆಳಗೆ, ಬಂಡೆಯ ತಗ್ಗಿನಲ್ಲಿ, ಒಂದು ಊಟದ ತಟ್ಟೆಯಷ್ಟು ಅಗಲದ ನೀರು ಹೊಳೆಯುತ್ತಿತ್ತು. ಅಷ್ಟೇ. ಸಂಜೆಗೆ ಅದೂ ಇರುವುದು ಅನುಮಾನ.

ಅವಳು ಕಚ್ಚೆ ಕಟ್ಟಿ ಹಲಗೆಯ ಮೇಲೆ ಕೂತಳು. "ಇಳಿಸು ಸಾಮಿ."

ಅಂಗಪ್ಪನ್ ಎತ್ತಿನ ಹಗ್ಗ ಹಿಡಿದು ಕದಲದೆ ನಿಂತ. "ಆಗಲ್ಲೀಂಗ ಆತ್ತಾ. ಅಷ್ಟು ಆಳ ನೀವು ಹೋದ್ರೆ, ಮೇಲೆ ತರೋಷ್ಟರಲ್ಲಿ ನಿಮಗೆ ಉಸಿರು ಇರಲ್ಲೆ. ನಾನೇ ಹೋಗಿ ಬರೆದ್ರೆ ಆಗದಾ?"

"ನೀನು ಒಳ್ಳೆಯವನು. ಆದ್ರೆ ಅವಳ ಮಕ್ಕಳು ಬರೀಬೇಕು ಸಾಮಿ."

"ಹಂಗಂದ್ರೆ ನಾನು ಎತ್ತು ನಡೆಸಲ್ಲೀಂಗ."

"ಹಂಗಂದ್ರೆ ನಾನು ಏಳಲ್ಲೆ."

ಅವಳು ಏಳಲಿಲ್ಲ. ಬಾವಿಕಟ್ಟೆಯ ಮೇಲಿಟ್ಟ ಹಲಗೆಯಲ್ಲಿ, ಹಗ್ಗ ಹಿಡಿದು, ಬಣ್ಣದ ಮಡಕೆ ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ಬಿಸಿಲು ಏರಿತು. ಕಲಾ ಬಾವಿಗೆ ಬೆನ್ನು ಹಾಕಿ, ಕೊಡೆಯನ್ನು ತಲೆಯ ಮೇಲಿಂದ ಹಿಂದಕ್ಕೆ ಚಾಚಿ ಅತ್ತೆಗೆ ನೆರಳು ಹಿಡಿದಳು. ಆಗಾಗ ಅದು ಕಾಮಾಕ್ಷಿಯಮ್ಮನಿಗೆ ನೆರಳಾಗುತ್ತಿತ್ತು. ಕಾಮಾಕ್ಷಿಯಮ್ಮ ಜರುಗದೆ ಅಲ್ಲಿಯೇ ನಿಂತಳು.

ಶೆಡ್ಡಿನಲ್ಲಿ ದಂಡಪಾಣಿಯ ಮಗ್ಗಗಳು ಓಡುತ್ತಿದ್ದವು. ಹಬ್ಬವೆಂದು ಕೆಲಸದವರಿಗೆ ರಜೆ ಕೊಟ್ಟು ಅವನೊಬ್ಬನೇ ನಿಂತಿದ್ದ. ತಾಯಿ ತಾನಾಗಿ ಏಳಲಿ ಎಂದು ಅವನು ಬೇಕೆಂದೇ ಹೊರಗೆ ಬರಲಿಲ್ಲ. ಆ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ ಎಂಬ ನೆಪವೂ ಇತ್ತು. ಹತ್ತು ಗಂಟೆಗೆ ಕರೆಂಟು ಹೋಯಿತು. ಮಗ್ಗಗಳು ನಿಂತವು. ಬೀದಿಯ ಮಗ್ಗಗಳೆಲ್ಲ ಒಂದೇ ಸಲ ನಿಂತು ಊರೇ ಕಿವುಡಾದಂತಾಯಿತು. ಅಣೆಕಟ್ಟುಗಳಲ್ಲಿ ನೀರಿಲ್ಲವೆಂದು ಆ ವರ್ಷ ದಿನಕ್ಕೆ ಎಷ್ಟು ಹೊತ್ತು ಕರೆಂಟು ಇರುತ್ತಿತ್ತೋ ಅಷ್ಟೇ ಹೊತ್ತು ಇರುತ್ತಿರಲಿಲ್ಲ.

ನೆಪ ಕಳೆದುಕೊಂಡ ದಂಡಪಾಣಿ ಹಿತ್ತಿಲಿಗೆ ಬಂದ.

"ನೋಡಿ, ಅಜ್ಜಿಗೂ ನೀರಿಲ್ಲೆ, ನಿಮ್ಮ ತರಿಗೂ ನೀರಿಲ್ಲೆ. ಈಗ ಇಬ್ಬರೂ ಸುಮ್ಮೆ ನಿಂತಿದಾರೆ," ಎಂದಳು ಕಲಾ, ಕೊಡೆಯ ಕೆಳಗಿನಿಂದ.

ದಂಡಪಾಣಿ ತಾಯಿಯ ಮುಂದೆ ಹೋಗಿ ನಿಂತ. ಅವಳ ಹಣೆಯಿಂದ ಬೆವರು ಇಳಿದು ಮಡಿಲ ಮಡಕೆಗೆ ಬೀಳುತ್ತಿತ್ತು. ಅವಳು ಮಗನನ್ನು ಗದರಲಿಲ್ಲ, ಬೇಡಲಿಲ್ಲ. ಒಣಗಿದ ತುಟಿಯನ್ನು ಒಮ್ಮೆ ನೆಕ್ಕಿಕೊಂಡು ಬಾವಿಯೊಳಗೆ ನೋಡಿದಳು.

"ಏಳಮ್ಮಾ."

"ಏಳಲ್ಲೆ."

"ನೀನು ಎದ್ರೆ ತಾನೆ ನಾನು ಕೂರೋದು?" ಎಂದ ದಂಡಪಾಣಿ.

ಮುತ್ತಮ್ಮಾಳ್ ಅವನ ಮುಖ ನೋಡಿದಳು. ಕಾಮಾಕ್ಷಿಯಮ್ಮನಿಗೆ ತಡೆಯಲಾಗಲಿಲ್ಲ. "ಗಂಡಸರು ಬರೆದಿದ್ದು ಯಾವತ್ತಾದ್ರೂ ಉಂಟಾ? ಹಿರಿಸೊಸೆ ತಾನೆ ಬರೀಬೇಕು?"

"ಹಿರಿಸೊಸೆ ಗಂಡ ಬರೀತಾನೆ, ಇರಲಿ ಬಿಡು. ಅವಳು ಎಲ್ಲಾ ಮಕ್ಕಳನ್ನೂ ತಾನೆ ದಾಟಿಸಿದ್ದು? ಗಂಡುಮಕ್ಕಳ್ನ ಆ ಕಡೆ ದಡದಲ್ಲೇ ಬಿಟ್ಟು ಬರಲಿಲ್ಲ," ಎಂದು ಮುತ್ತಮ್ಮಾಳ್ ಹಲಗೆಯಿಂದ ಎದ್ದಳು. ಅವಳನ್ನು ಎಬ್ಬಿಸಲು ಇಬ್ಬರು ಬೇಕಾಯಿತು.

ಅಜ್ಜಿಯ ಕಾಲು ತಿಂದ ಎತ್ತೇ ದಂಡಪಾಣಿಯನ್ನು ಇಳಿಸಿತು. ಮುತ್ತಮ್ಮಾಳಿಗಿಂತ ಅವನು ಎರಡರಷ್ಟು ತೂಕ. ಎತ್ತಿಗೆ ತಿಂದದ್ದು ಕರಗಿತು ಎಂದು ಅಂಗಪ್ಪನ್ ಹೇಳಿದ. ಹಲಗೆ ಸುತ್ತುತ್ತಾ ಸುತ್ತುತ್ತಾ ಕೆಳಗೆ ಹೋಯಿತು. ಬಹಳ ಹೊತ್ತಿನ ಮೇಲೆ ತಳದಿಂದ ದನಿ ಬಂತು.

"ಅಮ್ಮಾ, ಬೆರಳು ಎಷ್ಟು?"

"ನಿನ್ನ ಕಾಲಲ್ಲಿ ಎಷ್ಟೈತೋ ಅಷ್ಟು."

ಆಮೇಲೆ, "ಹೆಬ್ಬೆರಳು ಯಾವ ಕಡೆ?"

"ಬಟ್ಟೆ ಅಳೆಯೋದು ಗೊತ್ತು, ತನ್ನ ಕಾಲು ಗೊತ್ತಿಲ್ಲೆ," ಎಂದಳು ಕಾಮಾಕ್ಷಿಯಮ್ಮ. "ಒಳಗಡೆ ಕಣೋ, ಒಳಗಡೆ."

"ಎರಡೂ ಎಡಗಾಲು ಆಗಿಬಿಟ್ಟಿದೆ ಚಿಕ್ಕಮ್ಮಾ."

ಮೇಲೆ ನಿಂತವರು ನಕ್ಕರು. ಕಲಾ ಬಾವಿಗೆ ಬೆನ್ನು ಹಾಕಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುತ್ತಮ್ಮಾಳ್ ಮಾತ್ರ ನಗದೆ, "ಪರವಾಗಿಲ್ಲೆ ನನ್ನ ಕಣ್ಣು. ನೀರಿಗೆ ಮುಟ್ಟಿತಾ?" ಎಂದು ಕೇಳಿದಳು.

ಅವನು ಈಗ ಏನು ಬೇಕಾದರೂ ಹೇಳಬಹುದಾಗಿತ್ತು. ಮುಟ್ಟಲಿಲ್ಲ ಎಂದರೆ ಇಳಿದು ನೋಡಬಲ್ಲವರು ಯಾರಿದ್ದರು? ಮುತ್ತಮ್ಮಾಳ್ ಕಟ್ಟೆ ಹಿಡಿದು ಬಗ್ಗಿದಳು. ಕೆಳಗೆ ಮಗ ಚಿಕ್ಕದಾಗಿ, ಬಂಡೆಯ ಮೇಲೆ ಮಂಡಿಯೂರಿ ಕೂತಿದ್ದ. ಅವನು ನೀರನ್ನು ನೋಡುತ್ತಿರಲಿಲ್ಲ. ತಲೆ ಹಿಂದಕ್ಕೆ ಬಾಗಿಸಿ ಮೇಲೆ ನೋಡುತ್ತಿದ್ದ. ಹುಟ್ಟಿದಾಗಿನಿಂದ ಆ ಬಾವಿಯ ನೀರು ಕುಡಿದಿದ್ದ, ಆದರೆ ಅಜ್ಜಿಯನ್ನು ಕಾಲಿನ ಕಡೆಯಿಂದ ನೋಡಿದ್ದು ಇದೇ ಮೊದಲು. ಗೆಜ್ಜೆಯ ಮೇಲೆ ಗೆಜ್ಜೆ, ಅದರ ಮೇಲೆ ಗೆಜ್ಜೆ, ನಾಲ್ಕು ಮಂಡಿ, ಚಾಚಿದ ಕೈ, ಎಲ್ಲಕ್ಕಿಂತ ಮೇಲೆ ಆಕಾಶದ ಪಕ್ಕದಲ್ಲಿ ಆ ಬಿಳಿ ಮುಖ. ಅದರ ಪಕ್ಕದಲ್ಲಿ ತನ್ನನ್ನೇ ಬಗ್ಗಿ ನೋಡುತ್ತಿರುವ ತಾಯಿಯ ಮುಖ.

"ಮುಟ್ಟಿತು," ಎಂದ ದಂಡಪಾಣಿ. ಸ್ವಲ್ಪ ತಡೆದು, "ಒಂದು ಕಾಲು ಪೂರ್ತಿ ಮುಟ್ಟಿತು. ಇನ್ನೊಂದು ಬೆರಳು ಮಾತ್ರ. ಸಾಕಾ?"

"ಸಾಕು."

"ಅಂಗಪ್ಪಣ್ಣಾ," ಎಂದು ಅವನು ಮತ್ತೆ ಕೂಗಿದ. "ಆ ದನದ ಕೊಟ್ಟಿಗೆ ಗೋಡೆ ಒಡೆದ್ರೆ ಎರಡು ತರಿ ಹಿಡಿಯುತ್ತಾ?"

"ಒಂದೂವರೆ ಹಿಡಿಯುತ್ತೇಂಗ," ಎಂದ ಅಂಗಪ್ಪನ್.

"ಅರ್ಧ ತರಿ ನಮ್ಮ ತಿಣ್ಣೆ ಮೇಲೆ ಇಟ್ಕೋ," ಎಂದಳು ಕಾಮಾಕ್ಷಿಯಮ್ಮ. ಆಮೇಲೆ, ಅರ್ಧ ಮಗ್ಗ ಎಂಬುದು ಇರುವುದಿಲ್ಲ ಎಂದು ಯಾರೋ ನೆನಪಿಸಿದ ಮೇಲೆ, "ಹಾಳಾಗ್ಲಿ, ಪೂರ್ತಿ ಇಟ್ಕೋ. ಮೇಕೆ ಮಲಗೋದು ತಪ್ಪುತ್ತೆ," ಎಂದಳು.

"ಹಲಗೆ ಎಳೀಲೀಂಗಳಾ?" ಎಂದು ಅಂಗಪ್ಪನ್ ಬಾವಿಯೊಳಗೆ ಕೇಳಿದ.

"ಇರು. ಗೆಜ್ಜೆ ಹಾಕಿಲ್ಲೆ ಇನ್ನೂ," ಎಂದು ಕೆಳಗಿನಿಂದ ಬಂತು.

ಗೆಜ್ಜೆಯ ಒಂದೊಂದು ಚುಕ್ಕಿಯನ್ನೂ ಅವನು ನೂಲಿನ ಎಳೆ ಎಣಿಸುವವನಂತೆ ಇಡುತ್ತಿದ್ದ. ಅದು ಬೇಗ ಮುಗಿಯುವ ಕೆಲಸವಲ್ಲವೆಂದು ಮೇಲಿನವರಿಗೆ ಗೊತ್ತಾಯಿತು. ಒಬ್ಬೊಬ್ಬರಾಗಿ ಹಬ್ಬದ ಅಡಿಗೆಗೆಂದು ಹೋದರು. ಅಂಗಪ್ಪನ್ ಎತ್ತಿನ ನೆರಳಿನಲ್ಲಿ ಕೂತು ಬೀಡಿ ಹಚ್ಚಿದ.

ಮುತ್ತಮ್ಮಾಳ್ ಒಳಗೆ ಹೋಗಿ ಬಂದಳು. ಹಿಡಿ, ಮುಚ್ಚಳವಿದ್ದ ತೂಕುಪಾತ್ರೆಯಲ್ಲಿ ಹುಣಿಸೆ ಅನ್ನ, ಅದರ ಮೇಲೆ ತೆಂಗಿನಕಾಯಿ ಅನ್ನ, ನಡುವೆ ಒಂದು ತುಂಡು ಬಾಳೆಎಲೆ. ಬೆಳಗಿನಿಂದ ಅವನು ಏನೂ ತಿಂದಿರಲಿಲ್ಲ. ಅವಳು ಪಾತ್ರೆಯನ್ನು ಬಕೆಟ್ಟಿನೊಳಗಿಟ್ಟು, ಅಲುಗದಂತೆ ಪಕ್ಕಕ್ಕೆ ಒಂದು ಟವಲು ತುರುಕಿ, ಹಗ್ಗವನ್ನು ಕೈಯಿಂದ ಕೈಗೆ ಬಿಡುತ್ತಾ ನಿಧಾನವಾಗಿ ಇಳಿಸಿದಳು. ಬಕೆಟ್ಟು ಗೋಡೆಗೆ ತಾಗದಂತೆ ಹಿಡಿಯುವುದೇ ಅವಳ ಚಿಂತೆ. ಸುಣ್ಣ ಇನ್ನೂ ಹಸಿಯಾಗಿತ್ತು. ತಳ ಮುಟ್ಟಿದಾಗ ಹಗ್ಗ ಸಡಿಲವಾಯಿತು. ಕೆಳಗೆ ಮುಚ್ಚಳ ತೆಗೆದ ಸದ್ದು ಕೇಳಿದ ಮೇಲೆ ಅವಳು ಕಟ್ಟೆಯ ಪಕ್ಕದಲ್ಲಿ ಕಾಲು ಚಾಚಿ ಕೂತಳು.